ಕಾಯ್ಲಿ ಮಾರಾಯ್ತಿ

ಕೆಲವು ವಿವರ ತಪ್ಪಿರಬಹುದು. ಹೊಟ್ಟೆಕಿಚ್ಚಿಗೆ ನೆನಪನ್ನು ತಿದ್ದುವ ಚಾಳಿಯಿದೆ.

ತೀರಿಹೋದ ಅಪ್ಪನ ವಾಲ್ವ್ ಆಂಪ್ಲಿಫೈಯರಿನಲ್ಲಿ, ಅವರ ರೆಕಾರ್ಡಿನ ಹಳೆಯ ರಾಕ್ ಗಿಟಾರಿನ ದನಿಯನ್ನೇ ಹೊರಡಿಸಬೇಕೆಂದು ನಾನು ಕೂತಿದ್ದೆ. ಸ್ವಿಚ್ ಹಾಕಿ ತಂತಿ ಮೀಟುತ್ತಲೇ ಅಣ್ಣ, “ಸಾಕು, ತಗಡು ಬಡಿದ ಹಾಗುಂಟು,” ಎಂದು ಆರಿಸಿಬಿಟ್ಟ. ಆಮೇಲೆ ಅದನ್ನು ಪಾಲಿಬೆಟ್ಟದಲ್ಲಿ ಗಿಟಾರ್ ನುಡಿಸುವ ಒಬ್ಬಳಿಗೆ ಕೊಟ್ಟ.

ನಾವು ಅವಳ ಮನೆಗೆ ಹೋದಾಗಲೆಲ್ಲ ಅವಳು ಸ್ವಿಚ್ ಹಾಕಿ, ಒಲೆಗೆ ಹಿಡಿದಂತೆ ನಿಧಾನಕ್ಕೆ ಬಿಸಿಯೇರುವ ಗಾಜಿನ ವಾಲ್ವುಗಳ ಮೇಲೆ ಅಂಗೈ ಹಿಡಿದು, “ಕಾಯ್ಲಿ ಮಾರಾಯ್ತಿ, ಕಾಯ್ಲಿ,” ಎನ್ನುತ್ತಿದ್ದಳು. ಕಾಫಿ ಮುಗಿಸಿಯೇ ಗಿಟಾರ್ ಎತ್ತುತ್ತಿದ್ದಳು. ಒಂದು ದಿನ ಮೊದಲ ಮೀಟಿಗೇ ರೆಕಾರ್ಡಿನ ಆ ದಪ್ಪ, ಒರಟು ದನಿ ಹೊರಟಿತು. ಅಣ್ಣ ಕಣ್ಣೊರೆಸಿಕೊಂಡು, “ಅಪ್ಪ ಇರ್ಬೇಕಿತ್ತು,” ಎಂದ. ಅವಳ ಬೆರಳುಗಳನ್ನು ನೋಡಲಾರದೆ ನಾನು ಲೋಟಗಳನ್ನು ಎತ್ತಿದೆ.

ವಾಪಸಾಗುವಾಗ ಕಾರಿನಲ್ಲಿ ಅಣ್ಣನನ್ನು ಕೇಳಿದೆ: “ನಾನು ನುಡಿಸೋವಾಗ, ಅದು ಕಾಯೋ ತನಕ ನೀನು ಯಾಕೆ ಕಾಯ್ಲಿಲ್ಲ?”