ಡೋಣಿಯ ರುಚಿ ನೋಡುವ ಶಂಕ್ರೆವ್ವ

ಸೂರ್ಯ ಇನ್ನೂ ಮೂಡಿಲ್ಲ. ವಿಜಾಪುರದಿಂದ ಬಬಲೇಶ್ವರಕ್ಕೆ ಹೋಗುವ ಬಂಡಿಗಳು ಡೋಣಿ ಹೊಳೆಯನ್ನು ದಾಟುವ ಜಾಗದಲ್ಲಿ ಶಂಕ್ರೆವ್ವ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಬಿದಿರ ಗಳ ಹಿಡಿದು ನೀರಿಗಿಳಿಯುತ್ತಾಳೆ. ಹೆಜ್ಜೆಗೊಮ್ಮೆ ಗಳ ಊರಿ ಕೆಸರಿನ ಆಳ ನೋಡುತ್ತಾಳೆ. ನಡುಹೊಳೆಯಲ್ಲಿ ನಿಂತು ಒಂದು ಬೊಗಸೆ ನೀರು ಮೊಗೆದು ನಾಲಿಗೆಗೆ ಹಚ್ಚುತ್ತಾಳೆ. ಹುಬ್ಬು ಗಂಟಾಗುತ್ತದೆ.

“ಇವತ್ತ ಸಪ್ಪಗೈತ್ರಿ,” ಎನ್ನುತ್ತಾಳೆ ದಡಕ್ಕೆ ಬಂದು.

ಸಪ್ಪಗಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಪತ್ರಿಕೆಗೆ ಬರೆಯಲು ಬಂದ ಪೇಟೆಯ ಜಾಣನಾದ ನಾನು ಕೇಳುತ್ತೇನೆ. ಆಕೆ ನಕ್ಕುಬಿಡುತ್ತಾಳೆ. “ಡೋಣಿ ನೀರ ಉಪ್ಪರಿ ಯಪ್ಪಾ. ಉಪ್ಪ ಕಡಿಮಿ ಆತಂದ್ರ ಮ್ಯಾಲ ಜತ್ತದ ಕಡಿ ಮಳಿ ಹೊಡದೈತಿ, ಹೊಸಾ ನೀರ ಕೂಡಾಕತ್ತೈತಿ ಅಂತ ತಿಳೀಬೇಕು. ಈಗ ಬಂದಿದ್ದು ಸಣ್ಣದು. ದೊಡ್ಡದು ಹಿಂದ ಬರತೈತಿ.”

ನಾನು ತಲೆ ಎತ್ತಿ ನೋಡುತ್ತೇನೆ. ಆಕಾಶದಲ್ಲಿ ಅಂಗೈಯಗಲ ಮೋಡವೂ ಇಲ್ಲ. ನಮ್ಮವರು ಕೆಡುವುದು ಇಲ್ಲಿಯೇ. ಕರಾವಳಿಯ ಮೀನುಗಾರ ಕಡಲಿನ ಬಣ್ಣ ನೋಡಿ ದೋಣಿಯನ್ನು ಮೇಲೆಳೆಯುತ್ತಾನಂತೆ. ಈ ಬಯಲುಸೀಮೆಯವರು ಮಾತ್ರ ತಮ್ಮ ಊರಲ್ಲಿ ಹನಿ ಬೀಳದಿದ್ದರೆ ಹೊಳೆಯೂ ಸುಮ್ಮನಿರುತ್ತದೆಂದು ನಂಬಿ ಬಂಡಿ ಇಳಿಸುತ್ತಾರೆ. ಮಹಾಯುದ್ಧ ಮುಗಿದು ವರ್ಷವಾಯಿತು, ಇಲ್ಲೊಂದು ಸೇತುವೆಯಾಗುತ್ತದೆ ಎಂಬ ಮಾತು ಇನ್ನೂ ಮಾತಾಗಿಯೇ ಉಳಿದಿದೆ.

ಶಂಕ್ರೆವ್ವನ ಗಂಡ ಹೋದದ್ದೂ ಇಂಥದೇ ಬಿಸಿಲ ದಿನ, ಹನ್ನೊಂದು ವರ್ಷದ ಹಿಂದೆ. ಜೋಳದ ಚೀಲ ಹೇರಿದ ಬಂಡಿ ನಡುಹೊಳೆಯಲ್ಲಿ ಹೂತಿತು, ಮೇಲಿನಿಂದ ನೆರೆ ಬರುತ್ತಿತ್ತು. “ಚೀಲ ಹೋದ್ರ ಹೋಗ್ಲಿ, ನೀ ಬಾ ಅಂತ ದಂಡಿ ಮ್ಯಾಲ ನಿಂತು ಬಾಯಿ ಬಡಕೊಂಡೆ. ಎತ್ತಿನ ಕೊಳ್ಳ ಹರಿದು ನೊಗದಿಂದ ಬಿಟ್ಟು ಬರತೇನಂದ. ಎತ್ತ ಬಂದೂ, ಅಂವ ಬರಲಿಲ್ಲ.” ಇದನ್ನು ಹೇಳುವಾಗ ಆಕೆಯ ದನಿ ನಡುಗುವುದಿಲ್ಲ.

ಅಂದಿನಿಂದ ಈ ಕೆಲಸ. ಯಾರೂ ನೇಮಿಸಿಲ್ಲ, ಸಂಬಳವಿಲ್ಲ. ಹೊತ್ತು ಏರಿದ ಮೇಲೆ ಕೂಲಿಗೆ ಹೋಗುತ್ತಾಳೆ. ಹೊಳೆಯಲ್ಲಿ ಆಕೆ ನೆಟ್ಟ, ಸುಣ್ಣ ಬಳಿದ ಒಂಬತ್ತು ಗೂಟಗಳು ಗಟ್ಟಿ ನೆಲದ ಹಾದಿಯನ್ನು ತೋರುತ್ತವೆ. ನೆರೆ ಬಂದು ಕಿತ್ತೊಯ್ದಾಗಲೆಲ್ಲ ಮತ್ತೆ ನೆಡುತ್ತಾಳೆ, ಈ ಮಳೆಗಾಲದಲ್ಲಿ ಇದು ಐದನೆಯ ಸಲ. ಸಂತೆಯ ದಿನ ನಲವತ್ತು ಬಂಡಿ ದಾಟುತ್ತವೆ. ನೀರು ಗಳದ ಎರಡನೆಯ ಗಿಣ್ಣು ಮುಟ್ಟಿದರೆ ಒಂದನ್ನೂ ಬಿಡಬಾರದೆಂಬುದು ಆಕೆಯ ಲೆಕ್ಕ. “ದಂಡಿ ತುದೀಗೆ ನಿಂತು ನೆರಿ ನೋಡಬಾರದ್ರಿ, ಎರಿಮಣ್ಣ ಕೆಳಗ ಕೊರದಿರತೈತಿ, ಒಮ್ಮಿಗೇ ಕುಸೀತೈತಿ. ಬೆಳ್ಳಗ ಉಪ್ಪ ಕಟ್ಟಿದ ಕೆಸರ ಒಣಗಿದಂಗ ಕಾಣತೈತಿ, ಕಾಲಿಟ್ರ ಸೊಂಟದ ಮಟ ನುಂಗತೈತಿ. ಸಿಕ್ಕೊಂಡ್ರ ಒದ್ದಾಡಬಾರದು, ಅಂಗಾತ ಮಲಗಿ ಒಂದೊಂದ ಕಾಲ ಸಾವಕಾಶ ತಗೀಬೇಕು.”

ಇಷ್ಟೆಲ್ಲ ಬಲ್ಲವಳ ಮಾತನ್ನು ಜನ ಕೇಳುತ್ತಾರೆಯೇ? ಕೇಳುವವನು ಒಬ್ಬನೇ, ಟಾಂಗಾದ ಲಾಡಲೇಸಾಬ. ಆತ ದೂರದಿಂದಲೇ “ಅವ್ವಾ, ಹೊಳಿ ಏನಂತೈತಿ?” ಎಂದು ಕೂಗುತ್ತಾನೆ. ಇಂದು ಉತ್ತರ ಕೇಳಿದವನೇ ಮರುಮಾತಿಲ್ಲದೆ ಕುದುರೆ ಬಿಚ್ಚಿ ಮೇವು ಹಾಕಿದ.

ಅವನ ಹಿಂದೆಯೇ ಬಂದ ಬಸಗೊಂಡಪ್ಪನ ಬಂಡಿಯಲ್ಲಿ ಹಸಿರು ಬಳೆ ತುಂಬಿಕೊಂಡ ಮಗಳು ಗುರುಬಸವ್ವ ಕುಳಿತಿದ್ದಾಳೆ. ಮೊದಲ ಸಲ ಗಂಡನ ಮನೆಗೆ ಹೊರಟವಳು. ಹೊತ್ತೇರುವುದರೊಳಗೆ ಹೊಸ್ತಿಲು ತುಳಿಯಬೇಕೆಂದು ಅಯ್ಯನವರು ಹೇಳಿದ್ದಾರೆ.

“ಹಿಂದಕ್ಕ ಹೊಳ್ಳಿಸ್ರಿ ಬಂಡಿ, ನೀರ ಬರಾಕತ್ತೈತಿ,” ಎಂದು ಶಂಕ್ರೆವ್ವ ಅಡ್ಡ ಬಂದಳು.

“ಹನಿ ಮಳಿ ಇಲ್ಲ, ನೀರ ಎಲ್ಲಿಂದ ಬರತೈತಿ ಬೇ? ಸರಿ ಅತ್ತಾಗ!” ಬಸಗೊಂಡಪ್ಪ ಬಾರುಕೋಲು ಎತ್ತಿದ. ಎತ್ತುಗಳ ಮುಂಗಾಲು ನೀರಿಗಿಳಿದವು.

ಆಗ ಆಕೆ ಮಾಡಿದ್ದನ್ನು ನಾನು ಮರೆಯಲಾರೆ. ತಲೆಯ ಮೇಲಿನ ಸೆರಗು ಸರಿಸಿ, ಕುಂಕುಮವಿಲ್ಲದ ಹಣೆ, ಬಳೆಯಿಲ್ಲದ ಕೈ ಎದ್ದು ಕಾಣುವ ಹಾಗೆ ಎತ್ತುಗಳ ನೇರ ಎದುರಿಗೆ ನಿಂತಳು. ಶುಭಕ್ಕೆ ಹೊರಟಾಗ ವಿಧವೆ ಎದುರಾದರೆ ಮುಂದೆ ಹೋಗುವವರು ಈ ಸೀಮೆಯಲ್ಲಿಲ್ಲ. ಬಸಗೊಂಡಪ್ಪನ ಮುಖ ಕಪ್ಪಿಟ್ಟಿತು. “ಮಗಳನ್ನ ಕಳಸೂ ಹೊತ್ತಿನಾಗ ಎದುರ ನಿಂತಿಯಲ್ಲ, ನಿನ್ನ ಬಾಯಾಗ ಮಣ್ಣ ಬೀಳಲಿ!” ಎಂದು ಉಗಿದು, ಬಂಡಿಯನ್ನು ಹಿಂದಕ್ಕೆ ಹೊಡೆದು ಮೇಲಿನ ಬೇವಿನ ಮರದಡಿ ನಿಲ್ಲಿಸಿದ.

ನನಗೆ ಸಿಟ್ಟು ಉಕ್ಕಿತು. ಆಕೆಗೆ ಏನೂ ಅನ್ನಿಸಿದಂತಿರಲಿಲ್ಲ, ಸೆರಗು ಹೊದ್ದು ಗಳ ಒರೆಸುತ್ತ ಕುಳಿತಳು. “ಬೈಲಿ ಬಿಡ್ರಿ. ಬೈಯಾಕ ಜೀವಂತ ಅದಾನಲ್ಲ. ಈ ವರ್ಷ ಹಿಂಗ ಏಳ ಬಂಡಿ ನಿಲ್ಲಿಸೇನಿ.”

ಒಂದು ತಾಸು ಕಳೆದಿರಲಿಕ್ಕಿಲ್ಲ. ಮೇಲಿನಿಂದ ಬಂಡಿಗಳ ಸಾಲು ಓಡಿಬಂದಂಥ ಸದ್ದು. ಕಂದು ನೊರೆ, ಜಾಲಿಯ ಟೊಂಗೆ, ಯಾರದೋ ಹೊಲದ ಬೇಲಿ ಹೊತ್ತು ನೀರು ಬಂದೇಬಂತು. ಒಂಬತ್ತು ಗೂಟಗಳೂ ಕಣ್ಣೆದುರೇ ಮುಳುಗಿದವು. ಬೇವಿನ ಮರದಡಿ ಗುರುಬಸವ್ವ ಎದ್ದುನಿಂತು ತಂದೆಯ ತೋಳು ಹಿಡಿದುಕೊಂಡಳು.

ನಿನಗೇನು ಬೇಕು, ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದೆ. ಶಂಕ್ರೆವ್ವ ಹೊಳೆಯನ್ನೇ ನೋಡುತ್ತ ಹೇಳಿದಳು: “ಏನೂ ಬ್ಯಾಡ್ರಿ. ಜನಾ ನನ್ನ ಮಾರಿ ನೋಡಿ ಹೊಳ್ಳತಾರ. ನನ್ನ ಮಾತ ಕೇಳಿ ಹೊಳ್ಳಿದ್ರ ಸಾಕ್ರಿ.”

ಅಷ್ಟರಲ್ಲಿ ಬಸಗೊಂಡಪ್ಪ ಇಳಿದು ಬಂದ. ನಾಲ್ಕು ಮಾರು ದೂರದಲ್ಲೇ ನಿಂತ. ಆಕೆಯ ಮುಖ ನೋಡಲಾರದೆ ನೆಲ ನೋಡುತ್ತ, “ಯವ್ವಾ, ಮಗಳನ್ನ ಕರಕೊಂಡು ಯಾವಾಗ ದಾಟಲಿ?” ಎಂದ.

“ನಾಳೆ ಮುಂಜಾನೆ ಬಾ ತಮ್ಮಾ,” ಎಂದಳು ಶಂಕ್ರೆವ್ವ. “ನೀರ ರುಚಿ ನೋಡಿ ಹೇಳತೇನಿ.”