ಡ್ರೋಹೆಡಾ ದಾರಿಯಲ್ಲಿ ಒಂದು ಆಕ್ಸೊಲಾಟಲ್

ಐರ್ಲೆಂಡಿಗೆಲ್ಲ ಬಿಸಿಲು ಬಂದ ಖುಷಿ, ನಮ್ಮ ಕಾರಿನಲ್ಲಿ ಮಾತ್ರ ಅದಕ್ಕೆ ಬೈಗುಳ. ಗೆಳತಿ ಶ್ವೇತಾಳ ತೊಡೆಯ ಮೇಲಿನ ಐಸ್‌ಬಾಕ್ಸಿನ ನೀರಿನಲ್ಲಿ ಅವಳು ಸಾಕಿದ ಆಕ್ಸೊಲಾಟಲ್ ತಳ ಹಿಡಿದು ಮಲಗಿತ್ತು. ಮೆಕ್ಸಿಕೋದ ಈ ಪ್ರಾಣಿ ಮುದಿಯಾದರೂ ಮರಿಯ ಕಿವಿರುಗಳನ್ನೇ ಹೊತ್ತು ನೀರಿನಲ್ಲಿರುತ್ತದೆ. ನೀರು ಬೆಚ್ಚಗಾದರೆ ಬದುಕುವುದಿಲ್ಲ. ಡನ್‌ಡಾಕ್‌ನ ಅವಳ ಕೋಣೆಯೋ ಕಾದ ಹಂಚು. ಡ್ರೋಹೆಡಾದ ಸ್ನೇಹಿತರ ಮನೆಯಲ್ಲಿ ನೀರು ತಣ್ಣಗಿಡುವ ಯಂತ್ರವಿತ್ತು. ಆದರೆ ಲಾಕ್‌ಡೌನ್. ಇಲ್ಲಿಯ ಪೊಲೀಸ್, ಗಾರ್ಡಾ, ದಾರಿಯಲ್ಲಿ ಕೈ ಅಡ್ಡ ಹಿಡಿದ. ಕಾರಣ ಕೇಳಿ, ಐಸ್‌ಬಾಕ್ಸಿನತ್ತ ನೋಡಿದ.

"ಒಂದು ಮೀನಿಗೋಸ್ಕರ ಇಷ್ಟು ದೂರವೇ? ವಾಪಸ್ ಹೋಗಿ."

ಶ್ವೇತಾ ಮುಚ್ಚಳ ತೆಗೆದಳು. "ಮೀನಲ್ಲ ಸರ್. ಈ ಕಾಲು ನೋಡಿ. ಚಳಿಗಾಲದಲ್ಲಿ ಜೊತೆಗಿದ್ದ ಇನ್ನೊಂದು ಕಚ್ಚಿ ತಿಂದಿತ್ತು. ಮೂಳೆ, ಬೆರಳು ಎಲ್ಲಾ ಹೊಸದಾಗಿ ಬೆಳೆದಿದೆ. ಇವುಗಳ ಸ್ವಂತ ಊರಿನ ಕಾಲುವೆಗಳಲ್ಲಿ ಈಗ ಹುಡುಕಿದರೂ ಸಿಗೋದು ಕಷ್ಟ."

ಮಾಸ್ಕಿನ ಮೇಲೆ ಅವನ ಕಣ್ಣರಳಿತು. "ಕಾಲೇ ಬೆಳೆಸಿಕೊಳ್ಳೋ ಪ್ರಾಣಿ ಬಿಸಿಲು ತಡೆಯಲ್ವಾ?"

"ಕಾಲು ಹೋದ್ರೆ ಬರುತ್ತೆ ಸರ್, ಜೀವ ಹೋದ್ರೆ ಬರಲ್ಲ."

ಅವನು ತನ್ನ ಕಾರಿನತ್ತ ನಡೆದ.

"ಫೈನ್ ಹಾಕ್ತಾನೆ ಕಣೇ," ಎಂದೆ.

ವಾಪಸ್ ಬಂದವನ ಕೈಯಲ್ಲಿ ಅವನ ಊಟದ ಚೀಲದ ಐಸ್‌ಪ್ಯಾಕ್! ಅದನ್ನು ಶ್ವೇತಾಳಿಗೆ ಕೊಟ್ಟು, "ಗ್ರ್ಯಾಂಡ್, ಎಲ್ಲಾ ಸರಿ, ಹೊರಡಿ," ಎಂದವನೇ ಉಳಿದ ಗಾಡಿಗಳನ್ನೆಲ್ಲ ತಡೆದು ನಮಗೆ ದಾರಿ ಬಿಟ್ಟ.

ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಶ್ವೇತಾ ಕೂಗಿದಳು: "ಎದ್ಲು ಕಣೇ! ಹೊಸ ಕಾಲು ಊರಿ ನಿಂತಿದ್ದಾಳೆ!"

ನಾನು ಉದ್ದಕ್ಕೆ ಹಾರನ್ ಒತ್ತಿದೆ. ಕನ್ನಡಿಯಲ್ಲಿ ನೋಡಿದರೆ, ಗಾರ್ಡಾ ನಡುರಸ್ತೆಯಲ್ಲಿ ಟೋಪಿ ತೆಗೆದು ಬೀಸುತ್ತಿದ್ದ.