ಹೆಳವ ಹಾಡಿದ ಅಮೆರಿಕದ ವಂಶ

೧೯೮೦ರ ಸುಮಾರಿಗೆ ನಮ್ಮೂರು ಮಾಗಡಿಯ ಕೆರೆಯ ಹಕ್ಕಿ ನೋಡಲು ಬಂದಿದ್ದ ಅಮೆರಿಕದವನಿಗೆ ಶಾಲೆ ಮಾಸ್ತರನಾದ ನಾನೇ ದುಭಾಷಿ. ಮನೆತನಗಳ ವಂಶಾವಳಿ ಹಾಡುವ ಹೆಳವರ ಮುದುಕ ಊರ ಕಟ್ಟೆಯ ಬಳಿ ಎತ್ತಿನ ಮೇಲಿಂದಲೇ ಕೇಳಿದ: “ಸಾಹೇಬರ ವಂಶ ಯಾವುದ್ರಿ?”

ಅವನು ಸಂಕೋಚದಿಂದ ಹೇಳಿದ: ಒಬ್ಬ ಅಜ್ಜ ಐರ್ಲೆಂಡಿನವ, ಇನ್ನೊಬ್ಬ ಜರ್ಮನಿಯವ, ಒಬ್ಬ ಅಜ್ಜಿ ಇಟಲಿಯವಳು, ಇನ್ನೊಬ್ಬಳು ಆಫ್ರಿಕಾ ಮೂಲದವಳು.

ಕಟ್ಟೆಯ ಮೇಲಿದ್ದ ಗೌಡರು ನಕ್ಕರು. “ಇದೆಂಥಾ ಕಲಬೆರಕಿ ವಂಶಲೇ!”

ಮುದುಕ ಬಿಡಲಿಲ್ಲ. “ಗೌಡ್ರ, ನಿಮ್ಮ ಮುತ್ಯಾ ಇಲ್ಲೇ ಮಗ್ಗಲಿನ ಯಳವತ್ತಿಯಿಂದ ಇಲ್ಲಿಗೆ ಬಂದದ್ದನ್ನ ಮೂರು ತಲಿಮಾರಿನಿಂದ ಹಾಡಾಕತ್ತೇವಿ. ಇವರ ಹಿರಿಯರು ಸಮುದ್ರಾನ ದಾಟ್ಯಾರ!”

ಆಮೇಲೆ ನಾಲ್ವರ ಹೆಸರು ಕೇಳಿಕೊಂಡು, ಗಂಟೆ ಬಾರಿಸುತ್ತ, ಒಂದೂ ತಪ್ಪದೆ ಊರಿಗೆಲ್ಲ ಕೇಳುವಂತೆ ಹಾಡಿದ. ಅಮೆರಿಕದವನು ಎದೆಯುಬ್ಬಿಸಿ ನಿಂತ. ಗೌಡರೂ ತಲೆದೂಗಿದರು.

ಮರುವರ್ಷ ಮುದುಕ ನಮ್ಮ ಮನೆಗೇ ಬಂದ. “ಮಾಸ್ತರ್ರ, ಸಾಹೇಬರಿಗೆ ಮಕ್ಕಳಾದವೇನ್ರಿ? ವಂಶ ಮುಂದ ಹಾಡಬೇಕಲ್ರಿ.”

ನನ್ನ ಮಕ್ಕಳೆಷ್ಟೆಂದು ಮಾತ್ರ ಕೇಳಲೇ ಇಲ್ಲ.